ಬೋಣಿಯ ತೂಕ

ಲಾರಿ ಬಂದಾಗಲೆಲ್ಲ ಸಾವಕಾರರಿಗೆ ಫೋನ್ ಮಾಡಿ ತೂಕ ಹೇಳಿ ಹೇಳಿ ತೂಕದ ಗುಮಾಸ್ತ ದುರಗೇಶನಿಗೆ ಸಾಕಾಗಿತ್ತು. ಸಿದ್ದಾಪುರದ ಹತ್ತಿರದ ಆ ಅಕ್ಕಿ ಗಿರಣಿಗೆ ಸುಗ್ಗಿಯಲ್ಲಿ ದಿನಕ್ಕೆ ನಲವತ್ತು ಲಾರಿ ಭತ್ತ. ಅದಕ್ಕೇ ಅವನೊಂದು ಪ್ರೋಗ್ರಾಂ ಬರೆದ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಭಾರ ನಿಂತ ಕೂಡಲೇ ಯಂತ್ರ ಕಂಪ್ಯೂಟರಿಗೊಂದು ಫೈಲು ಹಾಕುತ್ತಿತ್ತು. ಪ್ರೋಗ್ರಾಂ ಆ ಫೋಲ್ಡರನ್ನು ಬೆಕ್ಕು ಇಲಿಬಿಲ ಕಾಯ್ದಂತೆ ಕಾಯಬೇಕು. ಫೈಲು ಬಿದ್ದರೆ ತೂಕವನ್ನು ಡೇಟಾಬೇಸಿನಲ್ಲಿ ದಾಖಲಿಸಿ, ಇಂಟರ್ನೆಟ್ಟಿನಿಂದ ಮೆಸೇಜು ಕಳಿಸಬೇಕು.

"ನನ್ನ ಫೋನಿಗೂ ಬರ್ಲಿ, ಮನಿ ಫೋನಿಗೂ ಬರ್ಲಿ," ಎಂದಿದ್ದರು ಸಾವಕಾರ ಪಂಪಣ್ಣ. "ನಡದ್ರ ಕುರ್ಚಿ ನಿಂದು. ನಡೀಲಿಲ್ಲಂದ್ರ ನಾಳಿಂದ ಚೀಲಾ ಹೊರು."

ಮುಂಜಾನೆ ಏಳಕ್ಕೆ ಪ್ರೋಗ್ರಾಂ ಶುರುವಾಯಿತು. ದುರಗೇಶ ಮರೆತದ್ದು ಒಂದೇ, ದಿನದ ಬೋಣಿಯ ಪೂಜೆ. ಮೊದಲ ಲಾರಿಗೆ ಮುಂಚೆ ಕಸಗುಡಿಸುವ ಫಕೀರಮ್ಮ ದಿನಾ ವೇಬ್ರಿಡ್ಜ್ ಮೇಲೆ ನಿಂತು ಕಾಯಿ ಒಡೆಯುತ್ತಿದ್ದಳು.

ಮೆಸೇಜು ಹೋಯಿತು: 'ಲಾರಿ ಬಂತು. ತೂಕ 70 ಕೆ.ಜಿ.'

"ಎಪ್ಪತ್ತು ಕಿಲೋ ಲಾರಿ ಎಲ್ಲಿಂದ ಬಂತಲೇ?" ಸಾವಕಾರರ ಫೋನು.

"ಲಾರಿ ಅಲ್ರೀ, ಫಕೀರಮ್ಮ."

ಕಾಯಿಚೂರಿಗೆಂದು ಆಡೊಂದು ವೇಬ್ರಿಡ್ಜ್ ಹತ್ತಿತು. ಮೂವತ್ತು ಕಿಲೋ, ಇನ್ನೊಂದು ಮೆಸೇಜು. ಅಷ್ಟರಲ್ಲಿ ಹಮಾಲ ಮರ್ದಾನಸಾಬ ಕಿಡಕಿಯಿಂದ ಕಂಪ್ಯೂಟರಿನತ್ತ ಇಣುಕಿದ.

"ಯಕ್ಕಾ, ಎಪ್ಪತ್ತು ಆಗೀದಿ ನೋಡು!"

"ಕಾಯಿ ತೂಕ ತಗದು ಹೇಳೋ!" ಎಂದಳು ಫಕೀರಮ್ಮ.

"ದುರಗೇಶಾ, ನಂದೆಷ್ಟೈತಿ ನೋಡಪಾ," ಎಂದು ಮರ್ದಾನಸಾಬ ತಾನೂ ಹತ್ತಿ ನಿಂತ.

ಪುಕ್ಕಟೆ ತೂಕವೆಂದರೆ ಯಾರು ಬಿಟ್ಟಾರು? ಹಮಾಲರೆಲ್ಲ ಸಾಲುಗಟ್ಟಿದರು. ಒಬ್ಬೊಬ್ಬರಿಗೂ ಒಂದೊಂದು ಫೈಲು, ಒಂದೊಂದು ಮೆಸೇಜು.

"ಇಳೀರೋ ಮಾರಾಯ್ರ, ನನ್ನ ಕುರ್ಚಿ ಹೋಗ್ತೈತಿ!" ಎಂದು ಒದರುತ್ತಲೇ ದುರಗೇಶ, ಸಾವಿರ ಕಿಲೋಗಿಂತ ಕಡಿಮೆಯಿದ್ದರೆ ಬಿಟ್ಟುಬಿಡು ಎಂಬ ಒಂದು ಸಾಲು ಸೇರಿಸಲು ಕೂತ. ಅವಸರದಲ್ಲಿ ಮೂರು ಸಲ ತಪ್ಪಾಯಿತು.

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ ಹಿಡಿದ ಪಂಪಣ್ಣ ಸೀದಾ ವೇಬ್ರಿಡ್ಜಿನ ನಡುವೆ ಬಂದು ನಿಂತು ಗುಡುಗಿದರು. "ಎಲ್ಲಿ ಅದಾನ ಆ ಶಾಣ್ಯಾ?"

ದುರಗೇಶನ ಫೋನು ಬಡಕೊಂಡಿತು. ಸಾವಕಾರರ ಹೆಂಡತಿ ಹೇಮಾವತಿ.

"ತಮ್ಮಾ, ಎಪ್ಪತ್ತು ಫಕೀರಮ್ಮ ಅಂತ ನಮ್ಮನಿಯವರು ಬೈಕೋಂತ ಹೋದ್ರು. ಈಗ ಬಂದ ತೊಂಬತ್ತೈದು ಯಾರಪಾ?"

ಗಾಬರಿಯಲ್ಲಿ ನಿಜವೇ ಬಾಯಿಗೆ ಬಂತು. "ಸಾವಕಾರ್ರು ರೀ, ಅಕ್ಕಾರ."

"ಮನ್ಯಾಗ ಎಂಬತ್ತು ಅಂತ ಹೇಳ್ಯಾರ. ಫೋನು ಕೊಡು ಅವ್ರಿಗೆ."

ಹೆಂಡತಿ ಎದುರಿಗೇ ನಿಂತಿದ್ದಾಳೆಂಬಂತೆ ಪಂಪಣ್ಣ ಮಿರ್ಚಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟರು. "ಹೂಂ... ದಿನಾ? ಹೂಂ... ಒಂದ ರೊಟ್ಟಿ? ಹೂಂ."

ಫೋನು ವಾಪಸು ಕೊಟ್ಟು ತಗ್ಗಿದ ದನಿಯಲ್ಲಿ ಹೇಳಿದರು. "ಆ ಪ್ರೋಗ್ರಾಂ ಈಗಿಂದೀಗ ಬಂದ್ ಮಾಡು."

"ಹಂಗಾರ ನಾ ಚೀಲಾ ಹೊರಬೇಕೇನ್ರೀ?"

"ಕುರ್ಚಿ ಬಿಟ್ಟು ಏಳಬ್ಯಾಡ! ಲಾರಿ ತೂಕ ಮೊದಲಿನಂಗ ಫೋನಿನ್ಯಾಗ ಹೇಳು. ಅಕಿಗೆ ದಿನಾ ಮುಂಜಾನಿ ನನ್ನ ತೂಕ ಬೇಕಂತ. ಎಂಬತ್ತು ಅಂತ ನೀನ ಹೇಳು. ಯಂತ್ರಕ್ಕ ಸುಳ್ಳು ಬರಂಗಿಲ್ಲ."

ಕುರ್ಚಿ ಉಳಿಯಿತು. ದುರಗೇಶ ಪ್ರೋಗ್ರಾಂ ಬಂದ್ ಮಾಡಿದ. ದಿನಕ್ಕೆ ಒಂದು ಫೋನು ಹೆಚ್ಚಾದರೆ ಏನು ಮಹಾ! ಫಕೀರಮ್ಮ ಕೊಟ್ಟ ಕಾಯಿಚೂರನ್ನು ಬಾಯಿಗೆ ಹಾಕಿಕೊಂಡ. ಜೀಪು ಗೇಟು ದಾಟಿದ್ದೇ ತಡ, ಫೋನು ಮತ್ತೆ ಬಡಕೊಂಡಿತು. ಹೇಮಾವತಿ.

"ತಮ್ಮಾ, ಎಂಬತ್ತು ಅಂತ ಹೇಳಾಕ ಹಚ್ಯಾರ, ಹೌದಿಲ್ಲೋ? ಅವರ ಮುಂದ ಹಂಗ ಹೇಳು. ಅವರು ಅತ್ತಾಗ ಹೋದ ಮ್ಯಾಲ ಇನ್ನೊಂದ ಫೋನ್ ಮಾಡಿ ಖರೇದು ಹೇಳು."

ಹೊರಗೆ ಭತ್ತದ ಲಾರಿ ವೇಬ್ರಿಡ್ಜ್ ಹತ್ತಿ ಹಾರ್ನು ಹಾಕಿತು. ದುರಗೇಶ ಕಾಯಿಚೂರು ನುಂಗಿ, ಮೊದಲಿನಂತೆ ಲಾರಿಯ ತೂಕ ಹೇಳಲು ಸಾವಕಾರರ ನಂಬರು ಒತ್ತಿದ.