ಮಾತಾಡಿಸಬಾರದ ಎಸೆತಗಾರ

ತೊಂದರೆ ಶುರುವಾದದ್ದು ಸೌತೆಕಾಯಿ ಉಪ್ಪಿನಕಾಯಿಯ ಒಂದು ಸೀಸೆಯಿಂದ. ಕ್ಷೌರದಂಗಡಿಯ ವಾಲ್ಟರ್ ಭಾನುವಾರ ಬೆಳಗಿನ ತಿಂಡಿಗೆ ಕೂತವನು ಅದರ ಮುಚ್ಚಳ ತಿರುಪಿದ. ಮುಚ್ಚಳ ತಿರುಗಲಿಲ್ಲ, ಭುಜ ತಿರುಗಿತು. ಅದು ಅವನೊಬ್ಬನ ಭುಜವಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ವಿಲೋ ಬೆಂಡ್ ಊರಿನ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆಯಲು ಉಳಿದಿದ್ದ ಕೊನೆಯ ಭುಜ ಅದು.

ಸುದ್ದಿ ಕೇಳಿದ ತಂಡದ ಯಜಮಾನ ಆರ್ವಿಲ್ ಸ್ಟೆನ್ಸ್ರುಡ್ ಚರ್ಚಿನ ಮೆಟ್ಟಿಲ ಮೇಲೆಯೇ ಕುಸಿದು ಕೂತ. ವಾರವೆಲ್ಲ ಡೇರಿಯಲ್ಲಿ ಬೆಣ್ಣೆ ಕಡೆಯುವ ಅವನಿಗೆ ಭಾನುವಾರದ ಆಟವೇ ಉಸಿರು. ಆಟದ ಮೊದಲಿಂದ ಕೊನೆತನಕ ನಿಂತು ಎಸೆಯಬಲ್ಲ ಒಬ್ಬ ಗಟ್ಟಿ ಎಸೆತಗಾರನಿಗಾಗಿ ಅವನು ಹುಡುಕದ ಜಾಗವಿಲ್ಲ. ಹೊರಗಿನಿಂದ ಕರೆದುತಂದರೆ ಬಂದವರು ನಮ್ಮ ಮೈದಾನದ ಬಲಗಡೆ ಬೇಲಿ ನೋಡಿ ಹಾಗೇ ಹಿಂದಿರುಗುತ್ತಿದ್ದರು. ಬೇಲಿ ಅಷ್ಟು ಹತ್ತಿರ. ಅಜ್ಜಿಯೊಬ್ಬಳು ಊರುಗೋಲು ಬೀಸಿದರೂ ಚೆಂಡು ಅದನ್ನು ದಾಟಿ ಚರ್ಚಿನ ಸ್ಮಶಾನಕ್ಕೆ ಬೀಳುತ್ತಿತ್ತು. ಸತ್ತವರಿಗೂ ಭಾನುವಾರ ನೆಮ್ಮದಿಯಿರಲಿಲ್ಲ.

ಊರಲ್ಲೇ ಒಬ್ಬನನ್ನು ಬೆಳೆಸೋಣವೆಂದು ಹಲ್ಲಿನ ಡಾಕ್ಟರಿಗೆ ಕಲಿಸಿದ. ಡಾಕ್ಟರು ಎಸೆದ ಚೆಂಡು ನೇರ ಎದುರಾಳಿಯ ಹಲ್ಲಿಗೇ ಹೋಗುತ್ತಿತ್ತು. ಬ್ರೆಡ್ಡಿನಂಗಡಿಯವನ ತಮ್ಮನಿಗೆ ಕಲಿಸಿದ. ಅವನು ಚೆನ್ನಾಗಿ ಕಲಿತು, ಪಕ್ಕದೂರ ಹುಡುಗಿಯನ್ನು ಮದುವೆಯಾಗಿ, ಕಲಿತದ್ದನ್ನೆಲ್ಲ ಕಟ್ಟಿಕೊಂಡು ಮಾವನ ಮನೆ ಸೇರಿದ. ಪಂದ್ಯ ನಡೆಸುವವರು ಕಡೆಯ ಮಾತು ಹೇಳಿಯಾಗಿತ್ತು: ಈ ಬೇಸಿಗೆ ಸರಿಯಾದ ಎಸೆತಗಾರ ಸಿಗದಿದ್ದರೆ ವಿಲೋ ಬೆಂಡ್ ತಂಡವನ್ನೇ ಕೈಬಿಡುವುದು.

"ಹೊಳೆಯಾಚೆ ಎಮಿಲ್ ಅಂತ ಒಬ್ಬ ಇದಾನಲ್ಲ," ಎಂದ ವಾಲ್ಟರ್, ಭುಜ ನೀವಿಕೊಳ್ಳುತ್ತಾ. "ಕೊಟ್ಟಿಗೆ ಗೋಡೆಗೆ ಆಲೂಗಡ್ಡೆ ಎಸೀತಿರ್ತಾನಂತೆ. ಎಷ್ಟು ದೂರದಿಂದ್ಲೂ ಅದೇ ಹಲಗೆ, ಅದೇ ಮೊಳೆ."

"ಯಾವ ತಂಡದಲ್ಲಿ ಆಡಿದಾನೆ?"

"ತಂಡ ಎಲ್ಲಿಂದ ಬರ್ಬೇಕು ಮಾರಾಯ? ಅಲ್ಲಿರೋದು ಅವನು, ಅವನಮ್ಮ, ಅವನ ಹಸುಗಳು."

ಆರ್ವಿಲ್ ಲಾರಿ ಓಡಿಸಿಕೊಂಡು ಹೋದ. ಎಮಿಲ್ ಹಾಲಿನ ಕ್ಯಾನು ತೊಳೆಯುತ್ತಿದ್ದ. ತೋಳು ನೇಗಿಲಿನ ಉದ್ದ ಮರದಂತೆ ಗಟ್ಟಿಯಾಗಿತ್ತು. ಕೇಳಿದ್ದು ಒಂದೇ: "ಚೆಂಡು ಆಲೂಗಡ್ಡೆಗಿಂತ ಭಾರನಾ?"

"ಭಾರ ಅಷ್ಟೇ. ರುಚಿ ಕಮ್ಮಿ," ಎಂದ ಆರ್ವಿಲ್.

ಎಮಿಲ್ ನಕ್ಕು ಲಾರಿ ಹತ್ತಿದ. ಹೊಸಬನಾದವನು ಒಂದಾಟ ಆಡಿ ನೋಡುವುದು, ಸಂಜೆ ಮನಸ್ಸಿಗೆ ಬಂದ ತಂಡ ಸೇರುವುದು; ಅದು ನಮ್ಮ ಕಡೆಯ ಪದ್ಧತಿ. ದಾರಿಯುದ್ದಕ್ಕೂ ಎಮಿಲ್ ತನ್ನ ಒಂದೊಂದು ಹಸುವಿನ ಸ್ವಭಾವವನ್ನೂ ವಿವರಿಸಿದ. ಆರ್ವಿಲ್‌ನ ಕಣ್ಣೆಲ್ಲ ಅವನ ತೋಳಿನ ಮೇಲಿತ್ತು.

ಅಂದಿನ ಎದುರಾಳಿ ಬರ್ಗ್‌ಹೈಮ್. ಅವರ ಯಜಮಾನ ಕ್ಲಾರೆನ್ಸ್ ವೋಗೆಲ್ ದನದ ಮೇವಿನ ವ್ಯಾಪಾರಿ, ಕಲ್ಲನ್ನೂ ಮಾತಾಡಿಸಿ ಮೇವು ಮಾರಬಲ್ಲವನು. ಎಮಿಲ್ ಎಸೆದ ಮೊದಲನೆಯ ಚೆಂಡು ಹಿಂದೆ ಕೂತು ಹಿಡಿಯುವವನ ಕೈಗವಸಿಗೆ ಬಿದ್ದು ಸದ್ದಾದ ಮೇಲೆ ಬರ್ಗ್‌ಹೈಮಿನ ದಾಂಡಿಗ ದಾಂಡು ಬೀಸಿದ. ಆಮೇಲಿನವರೂ ಅಷ್ಟೆ, ಬೀಸಿ ಬೀಸಿ ಮೈದಾನಕ್ಕೆ ಗಾಳಿ ಹಾಕಿ ಹೋದರು. ಆಟ ಅರ್ಧಕ್ಕೆ ಬಂದಾಗಲೂ ಅವರ ಕಡೆಯ ಒಬ್ಬನಿಗೂ ಒಂದು ಏಟು ದಕ್ಕಿರಲಿಲ್ಲ.

ಆಗ ಆರ್ವಿಲ್ ತುಟಿಗೆ ಬೆರಳಿಟ್ಟು ತಂಡದವರಿಗೆಲ್ಲ ಸನ್ನೆ ಮಾಡಿದ. ಎಸೆತಗಾರ ಎದುರಾಳಿಗೆ ಒಂದೂ ಏಟು ಬಿಟ್ಟುಕೊಡದೆ ನಡೆದಿರುವಾಗ ಅವನ ಕಡೆಯವರು ಅವನನ್ನು ಮಾತಾಡಿಸಕೂಡದು, ಹತ್ತಿರ ಕೂರಕೂಡದು. ಮಾತಾಡಿಸಿದರೆ ದೃಷ್ಟಿ ತಾಗಿ ಎಲ್ಲ ಕೆಟ್ಟಂತೆ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಎಮಿಲ್ ಬೆವರೊರೆಸುತ್ತಾ ಬಂದು ಬೆಂಚಿನ ಮೇಲೆ ಕೂತ. ಪಕ್ಕದವನು ಎದ್ದು ಹೋದ. ಎಮಿಲ್ ಇನ್ನೊಬ್ಬನ ಕಡೆ ಸರಿದ. ಅವನೂ ಎದ್ದ. ಬೆಕ್ಕು ಕಂಡ ಗುಬ್ಬಿಗಳಂತೆ ಬೆಂಚೇ ಖಾಲಿಯಾಯಿತು.

"ಬಿಸಿಲು ಜಾಸ್ತಿ ಅಲ್ವಾ?" ಎಂದ ಎಮಿಲ್.

ತಂಡಕ್ಕೆ ತಂಡವೇ ಆಕಾಶ ನೋಡಿತು.

"ನೀರು ಎಲ್ಲಿದೆ?"

ಆರ್ವಿಲ್ ಬೇರೆಲ್ಲೋ ನೋಡುತ್ತಾ ಬೂಟುಗಾಲಿನಿಂದ ಬಕೆಟ್ಟು ತೋರಿಸಿದ.

ತಂಡವನ್ನು ಸುಮ್ಮನಿರಿಸುವುದು ಸುಲಭ, ಊರನ್ನು ಸುಮ್ಮನಿರಿಸುವುದೆಲ್ಲಿ! ಊರಿಗೆಲ್ಲ ಅತ್ತೆಯಾದ ಹಿಲ್ಡಾ ಅತ್ತೆ ಹಣ್ಣಿನ ಕಡುಬು ಹಿಡಿದು ಬಂದೇಬಿಟ್ಟಳು. "ಮಗು ಹಸಿದಿದೆ ಕಣೋ, ಒಂದು ತುಂಡು ತಿನ್ನಿಸಿ ಬರ್ತೀನಿ."

"ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ! ನೀನು ತಿನ್ನಿಸೋವಾಗ ಸುಮ್ನಿರ್ತೀಯಾ?"

"ಬಾಯಿ ಮುಚ್ಕೊಂಡು ಹೇಗೋ ತಿನ್ನಿಸೋದು?"

"ಅದಕ್ಕೇ ಬೇಡ!" ಆರ್ವಿಲ್ ಕಡುಬನ್ನೇ ಕಿತ್ತುಕೊಂಡ. ಎಲ್ಲಿಡುವುದೆಂದು ತೋಚದೆ ತನ್ನ ಟೋಪಿಯಲ್ಲಿಟ್ಟ. ಮರುಗಳಿಗೆ ಪಾದ್ರಿಗಳು ಎಮಿಲ್‌ನ ಕಡೆ ಹೊರಟದ್ದು ಕಂಡಿತು. ಓಡಿಹೋಗಿ ಕೋಟು ಹಿಡಿದೆಳೆದ.

"ನನ್ನ ಸ್ಮಶಾನಕ್ಕೆ ಇವತ್ತು ಒಂದೂ ಚೆಂಡು ಬಿದ್ದಿಲ್ಲಪ್ಪಾ. ಆಶೀರ್ವಾದ ಮಾಡಿ ಬರ್ತೀನಿ," ಎಂದರು ಪಾದ್ರಿಗಳು.

"ಮನಸ್ಸಿನಲ್ಲೇ ಮಾಡಿ ಸ್ವಾಮಿ! ದೇವರಿಗೆ ಕೇಳ್ಸುತ್ತೆ, ಇವನಿಗೆ ಕೇಳಿಸ್ಬಾರದು." ಎನ್ನುವಷ್ಟರಲ್ಲಿ ಬಿಸಿಲು ತಾಳದೆ, ಕಡುಬು ಮರೆತು ಟೋಪಿ ಹಾಕಿಕೊಂಡ. ಕಡುಬಿನ ರಸ ಕಿವಿಯ ಹಿಂದಿನಿಂದ ಇಳಿಯತೊಡಗಿತು.

ಇತ್ತ ಕ್ಲಾರೆನ್ಸ್ ಸುಮ್ಮನಿರುವವನಲ್ಲ. ಇವರು ಮಾತಾಡದಿದ್ದರೇನು, ತಾನೇ ಮಾತಾಡಿಸಿ ದೃಷ್ಟಿ ತಾಗಿಸಿದರಾಯಿತೆಂದು ಪ್ರತಿ ಸರದಿಯ ಕೊನೆಗೂ ಎಮಿಲ್ ಹತ್ತಿರ ಬಂದು ನಿಂತ.

"ಏನಪ್ಪಾ ಎಮಿಲ್, ನಮ್ಮವರಿಗೆ ಒಂದೂ ಏಟು ಬಿಟ್ಟುಕೊಟ್ಟಿಲ್ವಲ್ಲೋ ಇನ್ನೂ! ಹಸುಗಳೆಲ್ಲ ಹೇಗಿವೆ?"

"ಕಂದು ಬಣ್ಣದ್ದು ಗಬ್ಬವಾಗಿದೆ," ಎಂದ ಎಮಿಲ್, ಮುಖ ಅರಳಿಸಿ.

"ಹೌದಾ! ಮೇವು ಏನು ಹಾಕ್ತೀಯಾ? ನಿಮ್ಮಮ್ಮ ಆರೋಗ್ಯನಾ?"

ಆರ್ವಿಲ್ ಅಂಪೈರಿನ ಬಳಿಗೋಡಿದ. "ಅವನನ್ನ ತಡೀರಿ ಸ್ವಾಮಿ, ನಮ್ಮ ಹುಡುಗನ್ನ ಮಾತಾಡಿಸ್ತಾ ಇದಾನೆ!"

"ಅಮ್ಮನ ಆರೋಗ್ಯ ಕೇಳ್ಬಾರದು ಅಂತ ಯಾವ ನಿಯಮದಲ್ಲಿದೆ?" ಎಂದ ಅಂಪೈರ್. "ಮೊದಲು ನೀನು ತಲೆ ತೊಳ್ಕೋ, ಜೇನುಹುಳ ಬರ್ತಿವೆ."

ಕ್ಲಾರೆನ್ಸ್ ಮಾತಾಡಿದಷ್ಟೂ ಎಮಿಲ್ ಬಲವಾಗಿ ಎಸೆದ. ಆರ್ವಿಲ್ ತೋಳು ಚಾಚಿ, ಕೋಳಿ ಅಟ್ಟುವವನಂತೆ ಊರವರನ್ನು ಹಿಂದಕ್ಕೆ ಅಟ್ಟುತ್ತಾ ಬೇಲಿಯುದ್ದಕ್ಕೂ ಓಡಾಡಿದ. ಕೊನೆಯ ದಾಂಡಿಗ ಬಂದ. ಬೀಸಿದ, ಗಾಳಿ. ಬೀಸಿದ, ಗಾಳಿ. ಮೂರನೆಯದಕ್ಕೂ ಗಾಳಿಯೇ ಸಿಕ್ಕಿ ಔಟಾದ, ಆಟ ನಮ್ಮದಾಯಿತು.

ಹಿಡಿದಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಕಟ್ಟೆಯೊಡೆಯಿತು. ಪಾದ್ರಿಗಳು ಕುಣಿದರು. ಹಿಲ್ಡಾ ಅತ್ತೆ ಶಿಳ್ಳೆ ಹಾಕಿದಳು. ಆರ್ವಿಲ್ ಓಡಿಹೋಗಿ ಎಮಿಲ್‌ನನ್ನು ತಬ್ಬಿಕೊಂಡ.

"ಗೆದ್ದುಬಿಟ್ಯಲ್ಲೋ ನನ್ನ ರಾಜ! ನಮ್ಮ ತಂಡ ಉಳೀತು! ಮುಂದಿನ ಭಾನುವಾರ ನಾನೇ ಬಂದು ಕರ್ಕೊಂಡು..."

ಎಮಿಲ್ ಮೆಲ್ಲಗೆ ಬಿಡಿಸಿಕೊಂಡ. "ಈಗ ಬಂತಾ ನಿಮಗೆಲ್ಲ ಮಾತು? ಇಲ್ಲ ಯಜಮಾನ್ರೇ, ನಾನು ಬರ್ಗ್‌ಹೈಮ್ ಸೇರ್ತೀನಿ. ಕ್ಲಾರೆನ್ಸ್ ಮಾವಂಗೆ ಆಗ್ಲೇ ಹೇಳಿದೀನಿ."

"ಮಾವನಾ! ಅವನು ಮಾತಾಡಿಸಿದ್ದು ನಿನ್ನ ಎಸೆತ ಕೆಡಿಸೋಕೆ ಕಣೋ!"

"ನಿಜ ಎಮಿಲ್, ಕೆಡಿಸೋಕೇ ಬಂದಿದ್ದೆ," ಎಂದ ಅಲ್ಲಿಗೇ ಬಂದಿದ್ದ ಕ್ಲಾರೆನ್ಸ್ ತಲೆ ಕೆರೆಯುತ್ತಾ. "ಆದ್ರೆ ನೀನು ನಮ್ಮ ತಂಡ ಸೇರ್ತೀನಿ, ಮನೆಗೂ ಊಟಕ್ಕೆ ಬರ್ತೀನಿ ಅಂದಾಗ ಬೇಡ ಅನ್ನೋಕಾಗ್ಲಿಲ್ಲ."

"ಯಾಕಾದ್ರೂ ಆಗ್ಲಿ, ಅಮ್ಮನ ಆರೋಗ್ಯ ಕೇಳಿದ್ದು ಇವರೊಬ್ರೇ. ನಿಮ್ಮೂರಿಗೆ ನಾನೇನು ತಪ್ಪು ಮಾಡಿದ್ದೆ? ಒಬ್ರಾದ್ರೂ ಪಕ್ಕ ಕೂತ್ರಾ?"

ಮಾತಾಡಿಸಬಾರದ ಪದ್ಧತಿ ಎಮಿಲ್‌ಗೆ ಗೊತ್ತೇ ಇಲ್ಲವೆಂದು ಆರ್ವಿಲ್‌ಗೆ ಆಗ ಹೊಳೆಯಿತು. ಹೋದ ಜೀವ ಬಂದಂತಾಗಿ, ಹುಡುಗನ ಎರಡೂ ಕೈ ಹಿಡಿದು ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದ. ಎಮಿಲ್ ಗಮನವಿಟ್ಟು ಕೇಳಿದ.

"ಅಂದ್ರೆ ನನ್ನ ಮೇಲೆ ಸಿಟ್ಟಿಲ್ಲ?"

"ಸಿಟ್ಟಾ? ನಮ್ಮ ಪ್ರಾಣ ಕಣೋ ನೀನು! ಅದಕ್ಕೇ ಮಾತಾಡಿಸ್ಲಿಲ್ಲ."

"ಕೆಟ್ಟದಾಗಿ ಎಸೆದಿದ್ರೆ ಮಾತಾಡಿಸ್ತಿದ್ರಾ?"

"ಧಾರಾಳವಾಗಿ! ಬೈತಾನೂ ಇದ್ವಿ."

ಎಮಿಲ್ ಖಾಲಿ ಬೆಂಚಿನ ಕಡೆ ನೋಡಿದ. "ಮುಂದೆ ಪ್ರತಿ ಭಾನುವಾರ ಇವತ್ತಿನ ಹಾಗೇ ಎಸೆದ್ರೆ?"

"ಪ್ರತಿ ಭಾನುವಾರ ಒಂದು ನರಪಿಳ್ಳೆನೂ ನಿನ್ನ ಹತ್ತಿರ ಸುಳೀದ ಹಾಗೆ ನಾನು ನೋಡ್ಕೋತೀನಿ!" ಎಂದ ಆರ್ವಿಲ್, ಎದೆ ಮುಟ್ಟಿಕೊಂಡು.

ಎಮಿಲ್ ಹೋಗಿ ಕ್ಲಾರೆನ್ಸನ ಲಾರಿಯಲ್ಲಿ ಕೂತು ಬಾಗಿಲು ಹಾಕಿಕೊಂಡ.