ಪಂಕ್ತಿಯಿಂದ ಏಳುವ ಪ್ರತಿಜ್ಞೆ

ಮುಂದಿನ ಪಂಕ್ತಿ ಊಟದಲ್ಲಿ ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದು ನಿಲ್ಲುತ್ತೇನೆ, ಇಲ್ಲದಿದ್ದರೆ ನನ್ನ ಹೆಸರು ಹರಿಪ್ರಿಯಾ ಅಲ್ಲ ಎಂದು ಸೇಡಂ ಬಸ್ಸಿನಲ್ಲೇ ಘೋಷಿಸಿಬಿಟ್ಟೆ.

ಕಾರಣವಿತ್ತು. ಮಳಖೇಡದಲ್ಲಿ ನೆಂಟರ ಮನೆಯ ಉಪನಯನ. ಊಟ ಮುಗಿಸಿ ಎಲ್ಲರೂ ಕೈ ತೊಳೆಯಲು ಎದ್ದರು, ನಾನೊಬ್ಬಳೇ ಬಾಳೆಎಲೆಯ ಮುಂದೆ ಪ್ರತಿಷ್ಠಾಪನೆಯಾಗಿದ್ದೆ. ಬಲಗೈ ಎಂಜಲು. ಎಡಗೈ ಊರಿದರೆ ಮೊಣಕಾಲು ಒಲ್ಲೆ ಎನ್ನುತ್ತದೆ. ಕೊನೆಗೆ ನನ್ನ ಯಜಮಾನರು ಪ್ರಹ್ಲಾದರೂ ಒಬ್ಬ ಅಡುಗೆಯವನೂ ಸೇರಿ ನನ್ನನ್ನು ಎತ್ತಿದರು.

ಬಸ್ಸಿನಲ್ಲಿ ಯಜಮಾನರು ಕೇಳಿದರು: "ಮುಂದಿನ ಸಲ ಸಿಮೆಂಟ್ ಫ್ಯಾಕ್ಟರಿಯಿಂದ ಕ್ರೇನ್ ತರಸೋಣೇನು?"

ಮರುದಿನವೇ ಕಲಬುರಗಿಗೆ ಹೋಗಿ ಡಾಕ್ಟರನ್ನು ಕಂಡೆ. ಅರವತ್ತು ದಾಟಿದ ಹೆಂಗಸರಲ್ಲಿ ಸ್ನಾಯು ಕರಗುತ್ತದೆ, ದಿನಾ ವ್ಯಾಯಾಮ ಮಾಡಿ, ಬೇಳೆ, ಹಾಲು, ಮೊಸರು ಚೆನ್ನಾಗಿ ತಿನ್ನಿ, ಸಾಲದಿದ್ದರೆ ಮಾತ್ರ ಪ್ರೋಟೀನ್ ಪುಡಿ ಎಂದರು. ನಿವೃತ್ತ ವಿಜ್ಞಾನ ಶಿಕ್ಷಕಿಯಾದ ನನ್ನ ಕಿವಿಗೆ ಕೊನೆಯ ಎರಡು ಪದ ಮಾತ್ರ ಬಿದ್ದವು. ಬಕೆಟ್ಟಿನಷ್ಟು ದೊಡ್ಡ ಡಬ್ಬಿ ತಂದೆ.

ನಮ್ಮ ಮನೆಯಲ್ಲಿ ನೈವೇದ್ಯವಾಗದೆ ಹೊಸದೇನೂ ಬಾಯಿಗೆ ಹೋಗುವಂತಿಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆ ಲಕ್ಷ್ಮೀಬಾಯಿ ಪುಡಿ ಕಲಸಿದ ಹಾಲನ್ನು ದೇವರಿಗೆ ತೋರಿಸಿದರು. ದೇವರು ಪಾಪ, ಏನೂ ಅನ್ನಲಿಲ್ಲ. ನಾನು ಒಂದು ಗುಟುಕು ಕುಡಿದೆ. ಮೂವತ್ತು ವರ್ಷ ಕೈಯಲ್ಲಿ ಹಿಡಿದಿದ್ದ ಸೀಮೆಸುಣ್ಣವನ್ನೇ ಅರೆದು ಕುಡಿದಂತಾಯಿತು! ಮರುದಿನದಿಂದ, ಹಿರಿಯರಿಗೆ ಮೊದಲು ಸಲ್ಲಬೇಕು ಎಂಬ ಸಂಸ್ಕಾರ ನನ್ನಲ್ಲಿ ಉಕ್ಕಿ ಹರಿಯಿತು. ಏಕಾದಶಿಯೊಂದು ಬಿಟ್ಟು ದಿನಾ ಲೋಟ ಅತ್ತೆಯ ಪಾಲಾಯಿತು.

ವ್ಯಾಯಾಮಕ್ಕೂ ಅದೇ ಪದ್ಧತಿ. ಎರಡೂ ಕೈಯಲ್ಲಿ ತೊಗರಿಬೇಳೆಯ ಪೊಟ್ಟಣ ಹಿಡಿದು ಸ್ಟೂಲಿನಿಂದ ಏಳುವುದು, ಕೂರುವುದು. ಒಮ್ಮೆ ಮಾಡಿ ತೋರಿಸಿ, ಕುರ್ಚಿಯಲ್ಲಿ ಕೂತು ಎಣಿಸತೊಡಗಿದೆ. ಅತ್ತೆ ವಿಧೇಯ ವಿದ್ಯಾರ್ಥಿನಿ. ಬೆನ್ನು ಬಾಗಿದರೆ ಗದರುತ್ತಿದ್ದೆ.

ಯಜಮಾನರು ಪತ್ರಿಕೆ ಮಡಚಿ ಅಂದರು: "ಹಾಜರಿ ತಗೊಂಡ್ರ ಸ್ನಾಯು ಬೆಳೀತಾವೇನು?"

ನಾನು ಎಣಿಕೆ ಮುಂದುವರಿಸಿದೆ. ಡಬ್ಬಿ ಖಾಲಿಯಾಗುತ್ತಿತ್ತಲ್ಲ, ಅದೇ ನನಗೆ ಪ್ರಗತಿ.

ಕೆಲವು ತಿಂಗಳಾದ ಮೇಲೆ ನಮ್ಮ ಮನೆಯಲ್ಲೇ ಸತ್ಯನಾರಾಯಣ ಪೂಜೆ. ಮಳಖೇಡದ ನೆಂಟರೆಲ್ಲ ಬಂದಿದ್ದರು. ಬಡಿಸುವ ಮೊದಲೇ ನಾನು ಸ್ನಾಯುಗಳ ಬಗ್ಗೆ ಪುಟ್ಟ ಭಾಷಣ ಮಾಡಿ, ಊಟವಾದ ಮೇಲೆ ಎಲ್ಲರೂ ನನ್ನನ್ನು ನೋಡಬೇಕೆಂದು ಆಜ್ಞಾಪಿಸಿದೆ. ನೋಡಿದರು. ಸೆರಗು ಸಿಕ್ಕಿಸಿದೆ, ಉಸಿರು ಕಟ್ಟಿದೆ, ಒಂದು ಗೇಣು ಮೇಲೆದ್ದೆ. ಆಮೇಲೆ ಧೊಪ್ಪನೆ ಎಲೆಯ ಮೇಲೇ ಕೂತೆ. ಉಳಿದಿದ್ದ ಹೋಳಿಗೆ, ತುಪ್ಪದ ಸಮೇತ, ಇಳಕಲ್ ಸೀರೆಗೆ ಅರ್ಪಣೆಯಾಯಿತು. ನಾಚಿಕೆಯಿಂದ ಅಳುವೇ ಬಂತು.

ಪಕ್ಕದ ಎಲೆಯಲ್ಲಿದ್ದ ಅತ್ತೆ ಎಲ್ಲೂ ಕೈ ಊರದೆ ಎದ್ದು ನಿಂತರು. ಎಡಗೈ ಚಾಚಿ ನನ್ನನ್ನು ಒಂದೇ ಎಳೆತಕ್ಕೆ ಎಬ್ಬಿಸಿದರು. ಹೆಂಗಸರೆಲ್ಲ ನನ್ನನ್ನು ಅಲ್ಲೇ ಬಿಟ್ಟು ಅವರನ್ನು ಮುತ್ತಿದರು, ಗುಟ್ಟೇನೆಂದು ಕೇಳಿದರು.

"ನಂದೇನದರೀ ಅದ್ರಾಗ, ಎಲ್ಲಾ ನಮ್ಮ ಸೊಸಿ ಪುಣ್ಯ. ಭಾಳ ಛಲೋ ಕಲಸ್ತಾಳ," ಎಂದರು ಅತ್ತೆ. "ನನ್ನ ಸಲುವಾಗಿ ಪಾಪ, ಒಂದು ದಿನಾನೂ ಕುರ್ಚಿ ಬಿಟ್ಟು ಎದ್ದಿಲ್ಲ."