ಮುದ್ದೆಯೊಳಗೆ ಗಡಿ ದಾಟಿದ ಬಾಟಲಿ

ಮೀನುಗಳಿಗೆ ಕಿವಿ ಬಲು ಚುರುಕು ಎಂದು ನಂಬಿ, ಕೆರೆ ಇನ್ನೂ ದೂರವಿರುವಾಗಲೇ, ಮನೆಯ ಹೊಸ್ತಿಲಲ್ಲೇ ಪಿಸುಮಾತು ಶುರುಮಾಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ನನ್ನ ಗ್ರಹಚಾರಕ್ಕೆ ಅವರು ನನ್ನ ಸೋದರಮಾವ!

ಮುಳಬಾಗಿಲಿನ ಪಕ್ಕದ ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟವಿದೆ. ಅದಕ್ಕೆ ಗೊಬ್ಬರ ಹಾಕುವುದು ರೇಷ್ಮೆಯ ಆಸೆಗಲ್ಲ, ಎರೆಹುಳುವಿನ ಆಸೆಗೆ ಎಂದು ನಮ್ಮತ್ತೆಯ ದೂರು. ಒಮ್ಮೆ ಹುಳುಗಳು ಬಿಸಿಲಿಗೆ ಬಾಡಬಾರದೆಂದು ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರು. ಅತ್ತೆ ಅದನ್ನು ಹುಣಸೆ ಗೊಜ್ಜೆಂದುಕೊಂಡು ಮುಚ್ಚಳ ತೆಗೆದರು. ಅಂದಿನಿಂದ ಫ್ರಿಜ್ಜಿಗೆ ಬೀಗ ಬಿದ್ದಿದೆ!

ಇಷ್ಟೆಲ್ಲ ಮಾಡಿ ಹಿಡಿಯುವ ಮೀನೆಷ್ಟು ಎನ್ನುತ್ತೀರಾ? ದಯವಿಟ್ಟು ಕೇಳಬೇಡಿ.

ಗಡಿಯಾಚೆ, ಆಂಧ್ರದ ಹಳ್ಳಿಯೊಂದರಲ್ಲಿ, ಮಾವನಿಗೆ ಒಬ್ಬ ಜೀವದ ಗೆಳೆಯನಿದ್ದಾನೆ. ಬಿಡುವು ಸಿಕ್ಕಾಗಲೆಲ್ಲ ಇಬ್ಬರೂ ಆ ಊರ ಕೆರೆಯ ಏರಿ ಮೇಲೆ ಗಾಳ ಹಿಡಿದು ಕೂರುತ್ತಿದ್ದರು. ಗೆಳೆಯನಿಗೆ ಲಕ್ವ ಹೊಡೆದು ಅವನು ಆಸ್ಪತ್ರೆ ಸೇರಿದ ಮೇಲೆ ಅದು ನಿಂತಿತ್ತು. ಹೋದ ಬೇಸಿಗೆಯಲ್ಲಿ ಅವನು ಮನೆಗೆ ಬಂದ. ಬಂದವನೇ ಮಾವನಿಗೆ ಫೋನಿನಲ್ಲಿ ಅಪ್ಪಣೆ ಕೊಟ್ಟ: ಕೆರೆಗೆ ಬಾ, ಬರುವಾಗ ನಮ್ಮ ಮನೆಯ ಮೊಪೆಡ್ಡಿಗೆ ಪೆಟ್ರೋಲು ತಾ, ನನಗೆ ಒಂದು ಬಾಟಲಿ ಬ್ರಾಂದಿ ತಾ!

ಪೆಟ್ರೋಲು ನಮ್ಮ ಕಡೆ ಅಗ್ಗ, ಸರಿ. ಆದರೆ ಬ್ರಾಂದಿಯನ್ನು ಆ ಕಡೆ ಒಯ್ದು ಸಿಕ್ಕಿಬಿದ್ದರೆ ಕೇಸು. ಕಾರು ಯಾರದ್ದು? ನನ್ನದು! ನಾನೋ ನರಸಾಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಾರಿನ ಜೊತೆ ಕೆಲಸವೂ ಹೋಗುತ್ತಿತ್ತು.

“ಮಾವಾ, ಬೇಡ. ಪೊಲೀಸ್ರು ಹಿಡೀತಾರೆ.”

“ಹಿಡಿಯೋಕೆ ಮೊದ್ಲು ಕಾಣಬೇಕಲ್ಲೋ! ನೀನು ಸುಮ್ನೆ ಓಡ್ಸು.”

ನಂಗಲಿಯ ಬಂಕಿನಲ್ಲಿ ಟ್ಯಾಂಕು ಭರ್ತಿಯಾಯಿತು. ಮಾವ ಇಳಿದು, ಕಾರನ್ನು ಎರಡೂ ಕೈಯಿಂದ ಅಲ್ಲಾಡಿಸಿ, “ಇನ್ನೊಂಚೂರು ಹಿಡಿಯುತ್ತೆ, ಹಾಕಪ್ಪ” ಎಂದರು.

“ಯಜಮಾನ್ರೇ, ಇದು ಗಾಡಿ, ರಾಗಿ ಮೂಟೆ ಅಲ್ಲ” ಎಂದ ಬಂಕಿನವನು. ಆದರೂ ಅವರ ಕಾಟ ತಾಳಲಾರದೆ ಕ್ಯಾನಿಗೂ ಹಾಕಿಕೊಟ್ಟ.

ಆಮೇಲೆ ಮಾವ ಹಿಂದಿನ ಸೀಟಿನಲ್ಲಿದ್ದ ಪಾತ್ರೆಯ ಮುಚ್ಚಳ ಸರಿಸಿದರು. ಒಳಗೆ ಕಲ್ಲಂಗಡಿ ಗಾತ್ರದ ರಾಗಿಮುದ್ದೆ! ಕೇಳಿದರೆ, ಗಾಳಕ್ಕೆ ಸಿಕ್ಕಿಸುವ ಎರೆ ಎಂದರು.

“ಬಾಟ್ಲಿ ಇದರ ಹೊಟ್ಟೇಲಿದೆ” ಎಂದು ಪಿಸುಗುಟ್ಟಿದರು.

ಗಡಿ ದಾಟುತ್ತಿದ್ದಂತೆಯೇ ಆಂಧ್ರದ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಮೊದಲು ಕಂಡದ್ದು ಕ್ಯಾನು. “ಪೆಟ್ರೋಲ್ ಎಂದುಕು?” ಯಾಕೆಂದು ಗದರಿದ. ನಿಮ್ಮ ಕಡೆ ರೇಟು ಜಾಸ್ತಿಯಲ್ಲವೇ ಸ್ವಾಮಿ ಎಂದು ಮಾವ ಅಚ್ಚ ತೆಲುಗಿನಲ್ಲಿ ಮರುಪ್ರಶ್ನೆ ಹಾಕಿದರು. ಪಾಪ, ಅವನಿಗೂ ಗಾಡಿಯಿತ್ತೇನೋ, ನಿಟ್ಟುಸಿರು ಬಿಟ್ಟು ಕ್ಯಾನಿನಿಂದ ಕಣ್ಣು ತೆಗೆದ.

ಆಮೇಲೆ ಪಾತ್ರೆಯ ಮುಚ್ಚಳ ತೆಗೆಸಿದ. ಮುಖ ಅರಳಿತು! “ಸಂಗಟಿ!” ಎಂದ. ಅವರ ಕಡೆ ಮುದ್ದೆಗೆ ಹಾಗೆನ್ನುತ್ತಾರೆ. ಮಧ್ಯಾಹ್ನದ ಊಟ ಆಗಿರಲಿಲ್ಲವೆಂದು ಕಾಣುತ್ತದೆ, “ಕೊಂಚೆಂ ಪೆಟ್ಟು ಪೆದ್ದಾಯನಾ”, ಸ್ವಲ್ಪ ಕೊಡು ಯಜಮಾನ, ಎಂದು ಮುರಿದುಕೊಳ್ಳಲು ಕೈಯನ್ನೇ ಚಾಚಿಬಿಟ್ಟ!

ನನ್ನ ಕಣ್ಣ ಮುಂದೆ ಕಂಪನಿಯ ಬಸ್ಸು ನನ್ನನ್ನು ಬಿಟ್ಟು ಹೊರಟೇಹೋಯಿತು.

ಮಾವ ಮಾತ್ರ ಅಲುಗಲಿಲ್ಲ. “ತಿನಂಡಿ ಸಾರ್, ತಿನಂಡಿ” ಎಂದು ಪಾತ್ರೆಯನ್ನು ಅವನತ್ತಲೇ ಸರಿಸಿದರು. ಎರೆಹುಳು ಚೆನ್ನಾಗಿ ಅರೆದು ಕಲಸಿದ್ದೇನೆ, ಮೀನುಗಳಿಗೆ ಬಲು ಇಷ್ಟ ಎಂದು ತೆಲುಗಿನಲ್ಲೇ ವಿವರಿಸಿದರು. ಚಾಚಿದ ಕೈ ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹೋಯಿತು. “ಪೋ! ಪೋ!” ಎಂದು ನಮ್ಮನ್ನು ಅಟ್ಟಿಯೇಬಿಟ್ಟ.

ನನಗೆ ಉಸಿರು ಮರಳಿದ್ದು ಕೆರೆ ಏರಿಯ ಮೇಲೆ.

ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೆಳೆಯ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಮಾವ ಮುದ್ದೆ ಒಡೆದು, ಬಾಟಲಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮುಂದೆ ಹಿಡಿದರು. ಗೆಳೆಯ ತಲೆಯಲ್ಲಾಡಿಸಿದ.

“ಬೇಡ ಕಣೋ” ಎಂದ, ತೊದಲುತ್ತ. “ಆಸೆಗೆ ಕೇಳ್ಬಿಟ್ಟೆ. ಮಗಳಿಗೆ ಗೊತ್ತಾಗಿ ಅತ್ತುಬಿಟ್ಲು. ಬೇಡ ಅನ್ನೋಣ ಅಂತ ನಿಮ್ಮನೆಗೆ ಫೋನ್ ಮಾಡ್ದೆ, ನೀನು ಆಗ್ಲೇ ಹೊರಟಿದ್ದೆಯಂತೆ.”

ಮುಗಿಯಿತು, ಈಗ ಮಾವ ಕೆರೆಯ ಮೀನೆಲ್ಲ ಓಡುವಂತೆ ಬೈಯುತ್ತಾರೆ ಎಂದುಕೊಂಡೆ. ಅವರು ಧೊಪ್ಪನೆ ಅವನ ಕಾಲ ಬಳಿ ಕೂತರು.

“ಅಬ್ಬಾ! ಬದುಕಿದೆ ಕಣೋ! ನೀನಾಗಿ ಕೇಳಿದ್ದಕ್ಕೆ ಇಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನೀನೇ ಬೇಡ ಅನ್ನೋ ಹಾಗಾಗ್ಲಿ ಅಂತ ದಾರಿಯುದ್ದಕ್ಕೂ ದೇವ್ರಿಗೆ ಕೈ ಮುಗೀತಾ ಬಂದೆ.”

ಪೊಲೀಸನೆದುರು ರೆಪ್ಪೆ ಬಡಿಯದಿದ್ದ ಮನುಷ್ಯ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡರು. ಪೆಟ್ರೋಲು ಮೊಪೆಡ್ಡಿಗೆ ಹೋಯಿತು, ಬ್ರಾಂದಿ ಏರಿಯ ಮಣ್ಣಿಗೆ.

ಗೆಳೆಯ ಗಾಳ ಬೇಕೆಂದ. ಕೊಟ್ಟರೆ ಅವನ ಕೈ ನಿಲ್ಲದೆ ನಡುಗುತ್ತಿತ್ತು. ಮಾವ ಪಕ್ಕಕ್ಕೆ ಸರಿದು ಆ ಕೈಯ ಮೇಲೆ ತಮ್ಮ ಕೈ ಇಟ್ಟರು, ಸಂಜೆಯವರೆಗೂ ತೆಗೆಯಲಿಲ್ಲ.